ಮರಕ್ಕೆ ಅಗೇನ್ಸ್ಟ್

ಇಂಗ್ಲಿಷಿನ ದೊಡ್ಡ ಪದಗಳಿಗೆ ನಾನು ಹೆದರುವುದಿಲ್ಲ. ಪತ್ರಿಕೆಯ ಡೆಸ್ಕಿನಲ್ಲಿದ್ದಾಗ ಅವನ್ನು ನಿಘಂಟಿನಲ್ಲಿ ಹುಡುಕಿ ಕನ್ನಡಕ್ಕೆ ಇಳಿಸಿ ಮನೆಗೆ ಹೋಗುತ್ತಿದ್ದೆ. ನಿದ್ದೆ ಕೆಡಿಸುತ್ತಿದ್ದದ್ದು ಆನ್, ಇನ್, ಅಟ್ ಎಂಬ ಚಿಲ್ಲರೆ ಪದಗಳು. ನಿವೃತ್ತಿಯ ನಂತರವೂ ಅವು ಪೀಡಿಸುವುದನ್ನು ಬಿಡಲಿಲ್ಲವಾದ್ದರಿಂದ, ವಿಜಯನಗರದ ನಮ್ಮ ಬಡಾವಣೆಯಲ್ಲಿ ‘ಹಿರಿಯರಿಗೆ ಅಡ್ವಾನ್ಸ್ಡ್ ಇಂಗ್ಲಿಷ್’ ತರಗತಿ ಶುರುವಾದಾಗ ನಾನೂ ಹೋಗಿ ಕುಳಿತೆ.

ಅಡ್ವಾನ್ಸ್ಡ್ ಎಂಬುದು ಪಾಠದ ವಿವರಣೆಯಲ್ಲ, ವಿದ್ಯಾರ್ಥಿಗಳಿಗೆ ತೋರಿಸಿದ ಮರ್ಯಾದೆ. ಬೇಸಿಕ್ ಎಂದು ಬೋರ್ಡು ಹಾಕಿದ್ದರೆ ನಮ್ಮಲ್ಲಿ ಒಬ್ಬರೂ ಆ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಿರಲಿಲ್ಲ. ಪಾಠ ಮಾಡುವ ಮೇಘನಾ ಮೇಡಂಗೆ ನಮ್ಮ ಮಕ್ಕಳಿಗಿಂತ ಕಡಿಮೆ ವಯಸ್ಸು. ವಾರಕ್ಕೊಂದು ಹಿಡಿ ಭಾರಿ ಪದಗಳನ್ನು ಕೊಟ್ಟು, ಬಳಸಿಕೊಂಡು ಬನ್ನಿ ಎನ್ನುತ್ತಾರೆ. ನಿವೃತ್ತ ತಹಶೀಲ್ದಾರರೊಬ್ಬರು ಆ ಮಾತನ್ನು ಸರ್ಕಾರಿ ಆದೇಶವೆಂದೇ ಭಾವಿಸಿ, ಗಾಡಿಯವನ ಬಾಳೆಹಣ್ಣಿನ ಬೆಲೆ ಕೇಳಿ, ವಿಪರೀತವಾಯಿತು ಎನ್ನಲು ‘ಎಕ್ಸಾರ್ಬಿಟೆಂಟ್’ ಎಂದರು. ಅವನು ಸ್ವಲ್ಪ ಯೋಚಿಸಿ, “ಅದು ಬಂದಿಲ್ಲ ಸಾರ್, ಏಲಕ್ಕಿ, ಪಚ್ಚಬಾಳೆ ಎರಡೇ ಇರೋದು” ಎಂದ.

ಪದಗಳದ್ದು ಇಷ್ಟೇ ಅಪಾಯ. ನಿಜವಾದ ಅಪಾಯವಿರುವುದು ಪ್ರಿಪೊಸಿಷನ್ನುಗಳಲ್ಲಿ. ಕನ್ನಡದಲ್ಲಿ ಮೊದಲು ಮರ ಬರುತ್ತದೆ. ಆಮೇಲೆ ಮರಕ್ಕೆ, ಮರದಲ್ಲಿ, ಮರದಿಂದ. ವಿಭಕ್ತಿ ಪ್ರತ್ಯಯಗಳು ಮದುವೆಮನೆಯ ಹತ್ತಿರದ ನೆಂಟರಂತೆ ಹಿಂದೆ ನಿಂತು ಕೆಲಸ ಮಾಡುತ್ತವೆ. ಇಂಗ್ಲಿಷಿನವು ಮಂತ್ರಿಯ ಕಾರಿನ ಮುಂದೆ ಓಡುವ ಜೀಪಿನಂತೆ. ಬರುತ್ತಿರುವುದು ಯಾರೆಂದು ತಿಳಿಯುವ ಮೊದಲೇ ನಾವು ಪಕ್ಕಕ್ಕೆ ಸರಿದಿರಬೇಕು.

ನನ್ನ ಪಕ್ಕದ ಕುರ್ಚಿ ಪಾಟೀಲರದು. ಗದಗದ ಕಡೆಯವರು, ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಅವರು ಸೇರಿದ್ದಕ್ಕೆ ಕಾರಣವಿತ್ತು. ಅವರ ಗೇಟಿನ ಮುಂದೊಂದು ಹೊಂಗೆ ಮರವಿದೆ. ಸಂಜೆ ಮಾರೇನಹಳ್ಳಿ ಮಾರುಕಟ್ಟೆಯಿಂದ ತರಕಾರಿ ಚೀಲ ಹಿಡಿದು ಬರುವ ಪಾಟೀಲರು, ಮೊಣಕಾಲು ಹಿಡಿಯುವುದರಿಂದ, ಮೆಟ್ಟಿಲು ಹತ್ತುವ ಮುನ್ನ ಅದಕ್ಕೆ ಬೆನ್ನುಕೊಟ್ಟು ನಿಲ್ಲುತ್ತಾರೆ. ಎಲೆ ಮತ್ತು ಹಕ್ಕಿಗಳ ಹಿಕ್ಕೆ ಕಾರುಗಳ ಮೇಲೆ ಬೀಳುತ್ತದೆಂದು ಬಡಾವಣೆಯ ಸಂಘ ಅದನ್ನು ಕಡಿಸಲು ಹೊರಟಿತ್ತು. ಕಡಿಯಬೇಡಿ ಎಂದು ಹೇಳಬೇಕಾದ ಸಂಘದ ಸಭೆ ಇಂಗ್ಲಿಷಿನಲ್ಲಿ ನಡೆಯುತ್ತದೆ. ಸದಸ್ಯರೆಲ್ಲ ಕನ್ನಡದವರೇ, ಕಾಫಿ ಮುಗಿಯುವವರೆಗೆ ಕನ್ನಡವನ್ನೇ ಆಡುತ್ತಾರೆ. ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡ ಕ್ಷಣ ಎಲ್ಲರೂ ಇಂಗ್ಲಿಷಿಗೆ ದಾಟುತ್ತಾರೆ. ಕನ್ನಡದಲ್ಲೇ ಮಾತಾಡಿ, ನಾನು ಕಲಿಯುತ್ತಿದ್ದೇನೆ ಎಂದು ಬೇಡಿಕೊಳ್ಳುವ ಒಬ್ಬ ಪಂಜಾಬಿ ಸದಸ್ಯರ ಕೋರಿಕೆ ಇನ್ನೂ ಪರಿಶೀಲನೆಯಲ್ಲಿದೆ.

ಸಭೆಯ ಹಿಂದಿನ ತರಗತಿಯಲ್ಲಿ ಮೇಡಂ ‘ಲೀನ್ ಅಗೇನ್ಸ್ಟ್ ದ ವಾಲ್’ ಎಂದು ಬರೆದರು. ಪಾಟೀಲರು ಎದ್ದು ನಿಂತರು. “ಗ್ವಾಡಿಗೆ ಬೆನ್ನ ಹಚ್ಚಿ ನಿಂತ್ರ ಅದೂ ಅಗೇನ್ಸ್ಟ್ ಏನ್ರಿ ಮೇಡಂ?”

“ಹೌದು ಸಾರ್, ಅದೂ ಅಗೇನ್ಸ್ಟೇ.”

‘ವಿರುದ್ಧ’ ಎಂಬ ಅರ್ಥ ಪಾಟೀಲರಿಗೆ ಗೊತ್ತಿರಲಿಲ್ಲವೆಂದಲ್ಲ. ಕ್ರಿಕೆಟ್ ನೋಡುವವರಿಗೆಲ್ಲ ಅದು ಗೊತ್ತು. ಆದರೆ ಹೊಸ ಅರ್ಥ ಹೊಸ ಚಪ್ಪಲಿಯಂತೆ, ಹಾಕಿಕೊಂಡೇ ಹೊರಗೆ ಹೋಗಬೇಕೆನ್ನಿಸುತ್ತದೆ.

ಸಭೆಗೆ ನಾನು ಹೋಗಿರಲಿಲ್ಲ. ಹೋಗಿದ್ದ ಇಬ್ಬರನ್ನು ಬೇರೆ ಬೇರೆಯಾಗಿ ಕೇಳಿ, ಹೋಲಿಸಿ ನೋಡಿ ಬರೆಯುತ್ತಿದ್ದೇನೆ. ಪಾಟೀಲರು ಎದ್ದು, “ಸಾರ್, ಮೆನಿ ಇಯರ್ಸ್ ಐ ಆ್ಯಮ್ ಅಗೇನ್ಸ್ಟ್ ದಿಸ್ ಟ್ರೀ. ಎವೆರಿ ಈವ್ನಿಂಗ್ ಐ ಆ್ಯಮ್ ಅಗೇನ್ಸ್ಟ್. ಮೈ ವೈಫ್ ಆಲ್ಸೋ” ಎಂದರು. ಚಪ್ಪಾಳೆ ಬಿತ್ತು. ಮರ ಉಳಿಯಿತೆಂದುಕೊಂಡು ಪಾಟೀಲರು ಮನೆಗೆ ಬಂದರು. ಮರವಿರುವ ಮನೆಯವರೇ ಒಪ್ಪಿದ್ದಾರೆ, ಮರ ಕಡಿಯಲು ಅರ್ಜಿ ಹಾಕುತ್ತೇವೆ ಎಂದು ಕಾರ್ಯದರ್ಶಿಗಳು ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ತಿಳಿಸಿದರು.

ಅದನ್ನು ಓದಿ ಹೇಳಲು ನಾನೇ ಹೋದೆ. ಪಾಟೀಲರು ಫೋನು ಇಸಿದುಕೊಂಡು ಮತ್ತೊಮ್ಮೆ ಓದಿದರು. ಒಳಗಿನಿಂದ ಅವರ ಹೆಂಡತಿ ಶಾಂತಕ್ಕ, “ಹೋಗ್ಲಿ, ನಿಮ್ಮ ಇಂಗ್ಲಿಷಿನಾಗ ನನ್ನ ಯಾಕ ಎಳದ್ರಿ?” ಎಂದರು.

ತಿದ್ದುಪಡಿ ಕೋರಿ ಪಾಟೀಲರು ಕಾರ್ಯದರ್ಶಿಗಳ ಬಳಿಗೆ ಹೋದರು. “ರೆಕಾರ್ಡ್ ಆಗೋಗಿದೆ ಸಾರ್, ನೀವೇ ಹೇಳಿದ್ದಲ್ವಾ” ಎಂಬ ಉತ್ತರ ಬಂತು. ಪತ್ರಿಕೆಯಲ್ಲಾದರೆ ಇಂಥದ್ದಕ್ಕೆ ಮರುದಿನ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ವಿಷಾದವಾದರೂ ಇರುತ್ತದೆ. ಸಂಘಗಳಿಗೆ ಒಳಪುಟವಿಲ್ಲ.

ಕೆಲವು ದಿನಗಳ ನಂತರ ಪಾಲಿಕೆಯ ಅಧಿಕಾರಿ ಮರ ನೋಡಲು ಬಂದರು. ನಾನೂ ಹೋಗಿ ನಿಂತಿದ್ದೆ. ಕಾರ್ಯದರ್ಶಿಗಳು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಾಗ ಗೇಟು ತೆರೆಯಿತು. ಪಾಟೀಲರು ನಿಧಾನವಾಗಿ ಬಂದು ಮರಕ್ಕೆ ಬೆನ್ನುಕೊಟ್ಟು ನಿಂತರು. ಅವರ ಪಕ್ಕಕ್ಕೆ ಶಾಂತಕ್ಕನೂ ಬಂದು ನಿಂತರು.

“ಏನ್ ಸಾರ್ ಇದು,” ಎಂದರು ಕಾರ್ಯದರ್ಶಿಗಳು, “ನೀವು ಅಗೇನ್ಸ್ಟ್ ಅಂದಿದ್ರಲ್ಲ?”

“ಹೌದ್ರಿ, ಈಗೂ ಅದನ್ನ ಅಂತೀನಿ. ನೋಡ್ರಿ, ಫುಲ್ ಅಗೇನ್ಸ್ಟ್. ಮೈ ವೈಫ್ ಆಲ್ಸೋ.”

ಅಧಿಕಾರಿ ಕೊಳ್ಳೇಗಾಲದವರು. ಅರ್ಥವಾಗದೆ ನನ್ನ ಕಡೆ ನೋಡಿದರು. ನಾನು ಕನ್ನಡದಲ್ಲಿ ಹೇಳಿದೆ. ಅವರು ನಕ್ಕು, ಮರದ ಬುಡ ತಟ್ಟಿ ನೋಡಿ, “ಗಟ್ಟಿಯಾಗೈತೆ. ರಸ್ತೆ ಕಡೆ ಕೊಂಬೆ ಸವರ್ಸಿ, ಸಾಕು” ಎಂದು ಹೊರಟರು. ಅಡ್ವಾನ್ಸ್ಡ್ ಇಂಗ್ಲಿಷಿನಲ್ಲಿ ಆರಂಭವಾದ ವ್ಯಾಜ್ಯ ಬೇಸಿಕ್ ಕನ್ನಡದಲ್ಲಿ ಇತ್ಯರ್ಥವಾಯಿತು. ಇದನ್ನು ಕೇಳಿದ ಮೇಡಂ, ಅಂದು ‘ಲೀನ್’ ಎಂಬುದನ್ನು ಒತ್ತಿ ಹೇಳಬೇಕಿತ್ತು ಎಂದರು.

ಈಗ ಬೇಸಿಗೆಯ ಬಿಸಿಲು ಏರಿದೆ. ನಿನ್ನೆ ಸಂಜೆ ಹೋದಾಗ ಪಾಟೀಲರು ಚೀಲ ಕೆಳಗಿಟ್ಟು ಎಂದಿನಂತೆ ಒರಗಿದ್ದರು. ಮರದ ಆ ಬದಿಗೆ, ಬುಡಕ್ಕೆ ತಾಗುವಷ್ಟು ಹತ್ತಿರ, ನೆರಳಿನಲ್ಲಿ ಕಾರ್ಯದರ್ಶಿಗಳ ಕಾರು ನಿಂತಿತ್ತು. ಬಾನೆಟ್ಟಿನ ಮೇಲೆ ನಾಲ್ಕಾರು ಹೊಂಗೆ ಹೂವುಗಳು ಬಿದ್ದಿದ್ದವು. ಪಾಟೀಲರು ಅತ್ತ ಕಣ್ಣು ಹಾಯಿಸಿ ಸಣ್ಣ ದನಿಯಲ್ಲಿ ಹೇಳಿದರು:

“ನಮ್ಮ ಸೆಕ್ರೆಟರಿನೂ ಅಗೇನ್ಸ್ಟ್ ಆಗ್ಯಾರ, ನೋಡ್ರಿ.”