ಬಾಡದ ಹುಲ್ಲಿನ ಉಸಾಬರಿ

ಕಳೆದ ವಾರ ರಾಯಾಪುರದಲ್ಲಿ ಒಂದು ಮದುವೆಗೆ ಹೋಗಿದ್ದೆವು. ಕಲ್ಯಾಣ ಮಂಟಪದ ಬಾಗಿಲಿನಿಂದ ಕಾರು ನಿಲ್ಲುವ ಜಾಗದವರೆಗೆ ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿದ್ದರು. ಏಪ್ರಿಲ್ ತಿಂಗಳು, ಮಧ್ಯಾಹ್ನ ಹನ್ನೆರಡೂವರೆ. ಕಾರಿನ ಬಾಗಿಲು ತೆಗೆದೆನೋ ಇಲ್ಲವೋ, ಕಾದ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ಹಾಗೇ ನಿಂತುಬಿಟ್ಟೆ.

“ಏನ್ ನೋಡ್ಕೋತ ನಿಂತ್ರಿ? ಅಕ್ಕಿಕಾಳು ಬೀಳೂ ಹೊತ್ತಾತು,” ಎಂದು ನನ್ನ ಹೆಂಡತಿ ಆ ಕಡೆಯಿಂದ ಕೂಗಿದಳು. ಕೂಗಿದವಳು ನನ್ನ ಮುಖ ನೋಡಿ, ಕೆಳಗೆ ಹಾಸಿದ್ದನ್ನು ನೋಡಿ, ತಾನೂ ಪಕ್ಕಕ್ಕೆ ಸರಿದಳು. ಇಬ್ಬರೂ ಅದರ ಮೇಲೆ ಕಾಲಿಡದೆ, ಪಕ್ಕದ ಧೂಳಿನಲ್ಲಿ ಒಬ್ಬರ ಹಿಂದೊಬ್ಬರು ನಡೆದು ಒಳಗೆ ಹೋದೆವು. ಬಾಗಿಲಲ್ಲಿ ಪನ್ನೀರು ಚಿಮುಕಿಸಲು ನಿಂತಿದ್ದ ಹುಡುಗಿಯರು, ಹಾಸಿದ ದಾರಿ ಬಿಟ್ಟು ಬರುವ ಈ ಮುದುಕರಿಗೆ ಏನಾಗಿದೆ ಎಂಬಂತೆ ನೋಡಿದರು. ಅವರಿಗೆ ಹೇಳಲು ಪುರಸೊತ್ತಿರಲಿಲ್ಲ. ನಿಮಗಾದರೂ ಹೇಳುತ್ತೇನೆ.

ನಮ್ಮದು ಹುಬ್ಬಳ್ಳಿಯ ಕೇಶ್ವಾಪುರದ ಒಳಓಣಿಯ ಒಂದು ಸಣ್ಣ ಕಾಲನಿ. ನಡುವೆ ನಾಲ್ಕು ಸೈಟಿನಷ್ಟು ಬಯಲು. ಕಾಲನಿಗೊಂದು ಸಂಘ, ಸಂಘಕ್ಕೊಬ್ಬ ಅಧ್ಯಕ್ಷ. ಆ ಅಧ್ಯಕ್ಷ ನಾನು. ಹೇಗಾದೆ ಎಂದು ಕೇಳಬೇಡಿ. ಚುನಾವಣೆಯ ದಿನ ಉಳಿದವರೆಲ್ಲ ಜಾಣರಾಗಿ ಮನೆಯಲ್ಲಿ ಉಳಿದರು, ನಾನು ನಿವೃತ್ತನಾದ ಹೊಸತರಲ್ಲಿ ಹೊತ್ತು ಹೋಗದೆ ಸಭೆಗೆ ಹೋದೆ. ಅಷ್ಟೇ. ಅದಕ್ಕೂ ಮೊದಲು ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನು. ಯಾವ ವಸ್ತು ಬಿಸಿಲಿಗೆ ಎಷ್ಟು ಕಾಯುತ್ತದೆ, ಯಾಕೆ ಕಾಯುತ್ತದೆ ಎಂಬುದನ್ನು ಧಾರವಾಡ ಸೀಮೆಯ ಅದೆಷ್ಟೋ ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು. ಈ ಮಾತನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಿ. ನಗು ಬಂದರೆ ನಗಿರಿ.

ನನ್ನ ಹಿಂದಿನವರು ಆ ಬಯಲಿಗೆ ನರ್ಸರಿಯಿಂದ ಹಲಗೆ ಹಲಗೆಯಾಗಿ ಹುಲ್ಲು ತಂದು ಹಾಸಿದ್ದರು. ಮಳೆಗಾಲದಲ್ಲಿ ಅದು ಮಖಮಲ್ಲು. ಸಂಕ್ರಾಂತಿ ದಾಟಿದ ಮೇಲೆ ಅದರ ಬಾಯಿಗೆ ದಿನಾ ನೀರು ಬೀಳಲೇಬೇಕು. ನಮ್ಮ ನಳಕ್ಕೋ ವಾರಕ್ಕೊಮ್ಮೆ ನೀರು, ಅದೂ ಮನಸ್ಸು ಬಂದರೆ. ಕುಡಿಯುವ ಕೊಡಕ್ಕೆ ಮೊದಲೋ ಹುಲ್ಲಿಗೆ ಮೊದಲೋ ಎಂದು ಹೆಂಗಸರು ಗಂಡಸರು ಕೂಡಿ ಜಗಳಾಡಿ, ಕೊನೆಗೆ ಹುಲ್ಲು ಸೋತಿತು. ಒಂದು ಮಾರ್ಚಿನಲ್ಲಿ ಬಯಲು ಹಳೆಯ ಗೋಣಿತಟ್ಟಿನ ಬಣ್ಣಕ್ಕೆ ತಿರುಗಿತು.

ಅದರ ಬಗ್ಗೆ ನಿಜವಾಗಿ ಸಂಕಟಪಟ್ಟವರು ಒಬ್ಬರೇ, ನಮ್ಮ ಎದುರು ಮನೆಯ ನೀಲಾ ಕಾಕು. ಎಪ್ಪತ್ತು ದಾಟಿದ ಜೀವ. ತವರು ಹತ್ತಿರದ ಸುಳ್ಳ ಎಂಬ ಹಳ್ಳಿ. ಹತ್ತಿ ವ್ಯಾಪಾರದ ಮನೆತನಕ್ಕೆ ಸೊಸೆಯಾಗಿ ಹುಬ್ಬಳ್ಳಿಗೆ ಬಂದವರು. ಗಂಡ ತೀರಿದ ಮೇಲೆ ಮಗ ಮತ್ತು ಸೊಸೆ ಸವಿತಾಳ ಜೊತೆ ಇದ್ದರು. ಶುಗರ್ ಇತ್ತು. ಪ್ರತಿ ಮುಂಜಾನೆ ಚಪ್ಪಲಿಯನ್ನು ಗೇಟಿನ ಹತ್ತಿರ ಬಿಟ್ಟು, ಸೀರೆಯ ನಿರಿಗೆ ಒಂದು ಕೈಯಲ್ಲಿ ಹಿಡಿದು, ಹುಲ್ಲಿನ ಮೇಲೆ ಬರಿಗಾಲಲ್ಲಿ ಸುತ್ತು ಹಾಕುತ್ತಿದ್ದರು. ಎಷ್ಟು ನಿಧಾನವೆಂದರೆ, ಏನನ್ನೋ ಕಳೆದುಕೊಂಡು ಹುಡುಕುತ್ತಿದ್ದಾರೇನೋ ಎನಿಸುತ್ತಿತ್ತು.

ಮೂರು ವರ್ಷದ ಹಿಂದೆ ಆ ಒಣಗಿದ ಬಯಲಿನ ಸಲುವಾಗಿ ಸಭೆ ಕರೆದೆ. ಮತ್ತೆ ಹುಲ್ಲೋ, ಪ್ಲಾಸ್ಟಿಕ್ಕೋ? ನಾನು ಪ್ಲಾಸ್ಟಿಕ್ಕಿನ ಪಕ್ಷ. ಕಾಲೇಜಿನ ಚಟ ಬಿಡುತ್ತದೆಯೇ? ಒಂದು ಕರಿಹಲಗೆ ತರಿಸಿ, ಸೀಮೆಸುಣ್ಣ ಹಿಡಿದು, ಹುಲ್ಲು ವರ್ಷಕ್ಕೆ ಎಷ್ಟು ಕೊಡ ನೀರು ಕುಡಿಯುತ್ತದೆಂದು ಲೆಕ್ಕ ಬಿಡಿಸಿದೆ. ನೀರು ಬೇಡ, ಕತ್ತರಿಸುವುದು ಬೇಡ, ಹನ್ನೆರಡು ತಿಂಗಳೂ ಹಸಿರು. ಎಲ್ಲರೂ ತಲೆದೂಗಿದರು. ಹಿಂದಿನ ಕುರ್ಚಿಯಲ್ಲಿ ಕೂತಿದ್ದ ಕಾಕು ಮಾತ್ರ ಕೈ ಎತ್ತಿದರು.

“ಮಾಸ್ತರ, ಬ್ಯಾಸಿಗ್ಯಾಗ ಅಂಗಳದಾಗ ಇಟ್ಟ ಪ್ಲಾಸ್ಟಿಕ್ ಕುರ್ಚಿ ಮ್ಯಾಲೆ ಕೂತು ನೋಡೀರೇನು?”

ಸಭೆ ನಕ್ಕಿತು. ನಾನೂ ನಕ್ಕೆ. “ಕಾಕು, ಇದು ಕುರ್ಚಿ ಪ್ಲಾಸ್ಟಿಕ್ ಅಲ್ಲರಿ, ಬ್ಯಾರೆ ತರದ್ದು. ಕಂಪನಿಯವರು ಬರದು ಕೊಟ್ಟಾರ,” ಎಂದೆ. ಏನು ಬರೆದು ಕೊಟ್ಟಿದ್ದರು? ಬಣ್ಣ ಹೋಗುವುದಿಲ್ಲ ಎಂದು ಬರೆದುಕೊಟ್ಟಿದ್ದರು. ಉಳಿದದ್ದನ್ನು ನಾನೇ ಸೇರಿಸಿದ್ದೆ.

ಎರಡೇ ದಿನದಲ್ಲಿ ಸುರುಳಿಗಳು ಬಂದವು, ಕೆಳಗೆ ಜಲ್ಲಿಪುಡಿ ಬಿತ್ತು, ಮೇಲೆ ಹಸಿರು ಹರಡಿತು. ನೋಡಲು ಛಲೋ ಇತ್ತು, ಸುಳ್ಳು ಹೇಳಬಾರದು. ಉದ್ಘಾಟನೆಯಾಗಬೇಕಲ್ಲ, ಅಯ್ಯನವರನ್ನು ಕೇಳಿದೆವು. ಅವರು ಮಧ್ಯಾಹ್ನ ಹನ್ನೆರಡರ ಮುಹೂರ್ತ ಬಹಳ ಒಳ್ಳೆಯದೆಂದರು. ಏಪ್ರಿಲ್ ಕೊನೆಯ ವಾರದಲ್ಲಿ, ನಡು ಮಧ್ಯಾಹ್ನ! ಯಾರೊಬ್ಬರೂ ತುಟಿ ಬಿಚ್ಚಲಿಲ್ಲ. ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ತಡಮಾಡಿದರು. ಶಾಮಿಯಾನಾ ಅವರ ಕುರ್ಚಿಯ ಮೇಲೆ ಇತ್ತು, ಹುಲ್ಲಿನ ಮೇಲೆ ಇರಲಿಲ್ಲ.

ಪೂಜೆ ಎಂದ ಮೇಲೆ ಎಲ್ಲರೂ ಚಪ್ಪಲಿ ಬಿಟ್ಟು ಹಸಿರಿನ ಮೇಲೆ ಕಾಲಿಟ್ಟರು. ಇಟ್ಟವರು ಇಟ್ಟ ಹಾಗೆ ಎತ್ತಿದರು. ಮಕ್ಕಳು ಒಂದೇ ಕಾಲಲ್ಲಿ ಕುಣಿದು ಅಂಚಿಗೆ ಓಡಿದರು. ದೊಡ್ಡವರು ಮರ್ಯಾದೆಗೆ ಅಂಜಿ ಕಾಲು ಬದಲಿಸುತ್ತಾ ನಿಂತು, ಆಮೇಲೆ ಮರ್ಯಾದೆಯನ್ನೂ ಬಿಟ್ಟು ಓಡಿದರು. ಅಯ್ಯನವರು ಮಣೆಯ ಮೇಲೆ ಕೂತಿದ್ದರಿಂದ ಬಚಾವಾದರು. ನಾನು? ಅಧ್ಯಕ್ಷನಲ್ಲವೇ, ಮೈಕು ಹಿಡಿದು ಕಲ್ಲಿನ ಕಟ್ಟೆಯ ಮೇಲೆ ನೆರಳಲ್ಲಿದ್ದೆ.

ಮುತ್ತೈದೆ, ವಿಧವೆ ಎಂಬ ಭೇದ ಬೇಡ, ಕಾಲನಿಯ ಹಿರಿಯರೇ ಆರತಿ ಮಾಡಲಿ ಎಂದು ನಾನೇ ಹಟ ಹಿಡಿದಿದ್ದೆ. ಹಾಗಾಗಿ ಆರತಿ ತಟ್ಟೆ ನೀಲಾ ಕಾಕುವಿನ ಕೈಯಲ್ಲಿತ್ತು. ಬಯಲೆಲ್ಲ ಖಾಲಿಯಾದರೂ ಅವರೊಬ್ಬರು ನಡುಮಧ್ಯೆ ಬರಿಗಾಲಲ್ಲಿ, ಅಲುಗದೆ, ಶಾಂತವಾಗಿ ನಿಂತು ಆರತಿ ಬೆಳಗುತ್ತಿದ್ದರು.

“ಕಾಕು, ಕಾಲು ಸುಡಾಕತ್ತಾವೇನ್ರಿ?” ಎಂದು ಮೈಕಿನಲ್ಲೇ ಕೇಳಿದೆ.

“ಇಲ್ಲಪಾ. ಏನೂ ಆಗವಲ್ದು,” ಎಂದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಪ್ರಬಂಧ ಇಷ್ಟು ಉದ್ದ ಆಗುತ್ತಿರಲಿಲ್ಲ. ನಾನು ಅಂದೆ: “ನೋಡ್ರಿ ನಮ್ಮ ನೀಲಾ ಕಾಕುನ! ಎಪ್ಪತ್ತು ದಾಟ್ಯಾವ. ಅವರಿಗೆ ಸುಡಂಗಿಲ್ಲ, ನಿಮಗ ಸುಡತದ? ಬೂಟು ಹಾಕಿ ಹಾಕಿ ಎಲ್ಲಾರ ಕಾಲೂ ನಾಜೂಕ ಆಗ್ಯಾವ.” ಚಪ್ಪಾಳೆ ಬಿತ್ತು. ಅತಿಥಿಗಳು ಭಾಷಣ ಮಾಡಿದರು. ಅವರು ಬೂಟು ಬಿಚ್ಚಿರಲಿಲ್ಲ. ಭಾಷಣ ಮುಗಿಯುವವರೆಗೂ ಕಾಕು ತಟ್ಟೆ ಹಿಡಿದು ಅಲ್ಲೇ ನಿಂತಿದ್ದರು.

ಮರುದಿನ ಬೆಳಿಗ್ಗೆ ಸವಿತಾ ನಮ್ಮ ಬಾಗಿಲು ಬಡಿದಳು. ಅತ್ತೆಯ ಹಾಸಿಗೆಯ ಮೇಲೆ ನೀರಿನ ಕಲೆ ಕಂಡು, ಹೊದಿಕೆ ಎತ್ತಿ ನೋಡಿದ್ದಾಳೆ. ಎರಡೂ ಅಂಗಾಲಿನಲ್ಲಿ ದೊಡ್ಡ ಗುಳ್ಳೆಗಳು, ಒಂದು ಒಡೆದಿತ್ತು. “ಸರ್, ಸುಡಾಕತ್ತಿಲ್ಲ ಅಂತ ಅವರು ಅಂದ್ರು ಖರೇ. ನೀವು ಒಮ್ಮೆ ಕೈ ಹಚ್ಚಿ ನೋಡಬಾರದಿತ್ತೇನ್ರಿ?” ಎಂದಳು. ಅವಳು ದನಿ ಎತ್ತಲಿಲ್ಲ. ಎತ್ತಿದ್ದರೆ ನಾನೂ ಏನಾದರೂ ಹೇಳಿ ಪಾರಾಗುತ್ತಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರು ಒಂದು ಕಡ್ಡಿಯಿಂದ ಕಾಕುವಿನ ಅಂಗಾಲನ್ನು ಅಲ್ಲಲ್ಲಿ ಮುಟ್ಟಿ, “ಇಲ್ಲಿ ಗೊತ್ತಾಗ್ತದೇನ್ರಿ? ಇಲ್ಲಿ?” ಎಂದು ಕೇಳುತ್ತಾ ಹೋದರು. ಕಾಕು ಗೋಡೆ ನೋಡುತ್ತಾ ಕೂತರು. ಶುಗರಿನಿಂದ ಕಾಲಿನ ನರಗಳು ಎಂದೋ ಜೋಮು ಹಿಡಿದಿದ್ದವು. ಎಡಗಾಲು ತಿಂಗಳೊಳಗೆ ಮಾಯಿತು. ಬಲಗಾಲು ಮಾಯಲಿಲ್ಲ. ಕಿರುಬೆರಳು ಕಪ್ಪಾಯಿತು. ಅದನ್ನು ತೆಗೆಯಬೇಕಾಯಿತು.

ಇತ್ತ ಬಯಲಿನ ಕತೆ ಕೇಳಿ. ಕಂಪನಿಯವನಿಗೆ ಫೋನು ಮಾಡಿದೆ. “ಬಳಸೂ ಮೊದಲು ನೀರು ಹೊಡೀಬೇಕ್ರಿ ಸರ್, ತಂಪಾಗತೈತಿ,” ಎಂದ. ನೀರು! ಹುಲ್ಲಿಗೆ ಹಾಕಲು ನೀರಿಲ್ಲವೆಂದು ಪ್ಲಾಸ್ಟಿಕ್ ಹಾಸಿದ ನಾವು ಈಗ ಪ್ಲಾಸ್ಟಿಕ್ಕಿಗೆ ನೀರು ಹಾಕಬೇಕಂತೆ. ಹಾಕಿದೆವು ಕೂಡ. ಟ್ಯಾಂಕರ್ ಬಂತು, ಹತ್ತು ನಿಮಿಷ ಹಬೆ ಎದ್ದಿತು, ಸ್ವಲ್ಪ ತಂಪಾಯಿತು, ಅರ್ಧ ಗಂಟೆಯಲ್ಲಿ ಮೊದಲಿನ ಹಾಗೇ ಆಯಿತು. ಹುಲ್ಲಾದರೆ ಕುಡಿದ ನೀರಿಗೆ ಒಂದು ಚಿಗುರನ್ನಾದರೂ ಕೊಡುತ್ತದೆ. ಇದು ಕುಡಿಯಲೂ ಇಲ್ಲ, ಕೊಡಲೂ ಇಲ್ಲ. ಓಣಿಯ ನಾಯಿಗಳು ಮಾಡುವುದನ್ನು ಮಾಡಿ ಹೋಗುತ್ತಿದ್ದವು, ಹೀರಿಕೊಳ್ಳಲು ಕೆಳಗೆ ಮಣ್ಣಿಲ್ಲ. ಆ ನಾತವನ್ನು ವರ್ಣಿಸುವುದಿಲ್ಲ, ನೀವು ಊಟ ಮಾಡಿ ಕೂತಿರಬಹುದು. ಆದರೂ ನಮ್ಮ ಸಂಘದ ಸದಸ್ಯರು “ಇಷ್ಟು ಖರ್ಚು ಮಾಡೇವಿ, ಇರಲಿ ಬಿಡ್ರಿ” ಎನ್ನುತ್ತಿದ್ದರು. ನಾನು ಸಭೆ ಕರೆದೆ, ನನ್ನದೇ ಹಳೆಯ ಲೆಕ್ಕವನ್ನು ತಪ್ಪೆಂದು ಹಲಗೆಯ ಮೇಲೆ ಬರೆದೆ. ಅದಕ್ಕೂ ಅವರು ತಲೆದೂಗಿದರು. ತಲೆದೂಗುವ ಜನರ ಮೇಲೆ ಬರುವಷ್ಟು ಸಿಟ್ಟು ನನಗೆ ಜಗಳಗಂಟರ ಮೇಲೆ ಬರುವುದಿಲ್ಲ.

ಆ ದಿನಗಳಲ್ಲಿ ಪ್ರತಿ ಸಂಜೆ ಕಾಕುವನ್ನು ನೋಡಲು ಹೋಗುತ್ತಿದ್ದೆ. ಕಾಲು ದಿಂಬಿನ ಮೇಲೆ, ಬಿಳಿ ಬ್ಯಾಂಡೇಜು. ನಾನು ಕುರ್ಚಿಯ ಅಂಚಿನಲ್ಲಿ ಕೂತು ಫ್ಯಾನು ನೋಡುತ್ತಿದ್ದೆ. ಒಂದು ದಿನ ಸವಿತಾ ಚಹಾ ಮಾಡಲು ಒಳಗೆ ಹೋದಾಗ ಕಾಕು ದನಿ ಇಳಿಸಿ ಮಾತಾಡಿದರು.

“ಮಾಸ್ತರ, ನೀವು ದಿನಾ ಬಂದು ಹಿಂಗ ಮಾರಿ ಸಣ್ಣದು ಮಾಡಿಕೊಂಡು ಕೂತ್ರ ನನಗ ಕಾಲಿಗಿಂತ ಅದ ತ್ರಾಸ ಆಗತೈತಿ. ಒಂದು ಮಾತು ಹೇಳ್ತೇನಿ, ಸವಿತಾನ ಮುಂದ ಆಡಬ್ಯಾಡ್ರಿ. ಎರಡು ವರ್ಷ ಆಗಿತ್ತು, ನನಗ ಅಂಗಾಲಿನ ಖಬರ ಇರಲಿಲ್ಲ. ಚಪ್ಪಲಿ ಜಾರಿ ಬಿದ್ರೂ ತಿಳೀತಿರಲಿಲ್ಲ.”

“ಮತ್ತ ಯಾರಿಗೂ ಹೇಳಲಿಲ್ಲಲ್ರಿ ಕಾಕು?”

“ಹೇಳಿದ್ರ ಮನಿ ಬಿಟ್ಟು ಹೊರಗ ಬಿಡತಿದ್ದಿಲ್ಲ. ಮುಂಜಾನೆ ಹುಲ್ಲಿನ ಮ್ಯಾಲೆ ಅಡ್ಡಾಡತಿದ್ದೆ ನೋಡ್ರಿ, ಇವತ್ತರ ತಂಪು ಹತ್ತೀತೇನು, ಇವತ್ತರ ಹತ್ತೀತೇನು ಅಂತ ನೋಡತಿದ್ದೆ.” ಕಾಲಿನ ಕೆಳಗಿನ ದಿಂಬನ್ನು ಸರಿಮಾಡಿಕೊಂಡು, “ಆವತ್ತ ಎಲ್ಲಾರೂ ಕುಣದು ಓಡಿದ್ರು. ನನಗ ಏನೂ ಆಗಲಿಲ್ಲ. ನೀವು ಮೈಕಿನ್ಯಾಗ ನನ್ನ ಹೆಸರು ಹೇಳಿದ್ರಿ. ನನಗ ಹಿಗ್ಗ ಆತು, ಮಾಸ್ತರ. ಖರೇ ಹೇಳ್ತೇನಿ, ಹಿಗ್ಗಿಗೇ ನಿಂತೆ,” ಎಂದರು.

ಚಹಾ ಬಂತು. ಕುಡಿದೆ. ಏನೂ ರುಚಿ ಹತ್ತಲಿಲ್ಲ.

ಮೃಗಶಿರಾ ಮಳೆಗೆ ಮುಂಚೆ ಪ್ಲಾಸ್ಟಿಕ್ ಕಿತ್ತೆವು. ಕಿತ್ತದ್ದನ್ನು ಏನು ಮಾಡುವುದೆಂಬುದು ಮತ್ತೊಂದು ತಲೆನೋವು. ಕೊಳೆಯುವುದಿಲ್ಲ, ಸುಡುವಂತಿಲ್ಲ, ಯಾರೂ ಒಯ್ಯುವುದಿಲ್ಲ. ಇಂದಿಗೂ ಸಂಘದ ಕೋಣೆಯಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿದೆ, ಇಲಿಗಳು ಅಲ್ಲಿ ಸಂಸಾರ ಹೂಡಿವೆ. ಬಯಲಿಗೆ ಯಾವ ಹುಲ್ಲು ಎಂದು ನಾನು ಈ ಸಲ ಹಲಗೆಯನ್ನು ಕೇಳಲಿಲ್ಲ, ಕಾಕುವನ್ನು ಕೇಳಿದೆ. ಅವರು ಸುಳ್ಳದಲ್ಲಿ ಒಕ್ಕಲುತನ ಮಾಡುವ ತಮ್ಮ ಈರಣ್ಣನಿಗೆ ಫೋನು ಹಚ್ಚಿಸಿದರು. ಕರಿಕೆ, ಅಂದರೆ ಗರಿಕೆ ಹುಲ್ಲು, ಬೇಕೆಂದೊಡನೆ ಆತ ಆ ಕಡೆಯಿಂದ ಕೂಗಿದ್ದು ನನಗೂ ಕೇಳಿಸಿತು.

“ಏ ಯಕ್ಕಾ, ನಮ್ಮಪ್ಪ ಜೀವಮಾನ ಪೂರಾ ಹೊಲದಾಗಿನ ಕರಿಕಿ ತಗದು ತಗದು ನಡಾ ಬಗ್ಗಿಸಿಕೊಂಡ. ನೀವು ಅದನ್ನ ಹುಬ್ಬಳ್ಳ್ಯಾಗ ಹಚ್ಚಾಕ ಕೇಳ್ತೀರಿ? ಎಷ್ಟು ಬೇಕ ಅಷ್ಟು ಒಯ್ಯರಿ, ಪುಣ್ಯಾ ಬರತೈತಿ!”

ನಾಲ್ಕು ಚೀಲ ತಂದು ಹಾಕಿ, ನಮ್ಮ ಬಯಲನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ಇನ್ನು ನಿಮ್ಮ ಹಣೆಬರಹ ಎಂಬಂತೆ ಕೈ ಝಾಡಿಸಿ ಹೋದ. ನೆಟ್ಟೆವು. ಮಳೆ ಬಿತ್ತು. ಹಿಡಿಯಿತು. ಹಿಡಿದದ್ದೇನು, ಇಡೀ ಕಾಲನಿಯನ್ನೇ ಹಿಡಿಯಿತು. ನನ್ನ ಹೆಂಡತಿಯ ದಾಸವಾಳದ ಕುಂಡದಲ್ಲಿ ಕರಿಕೆ, ಗಟಾರಿನಲ್ಲಿ ಕರಿಕೆ, ಕಂಪೌಂಡಿನ ಬಿರುಕಿನಲ್ಲಿ ಕರಿಕೆ. ಬೇಸಿಗೆಯಲ್ಲಿ ಹಳದಿಯಾಗಿ, ಅಲ್ಲಲ್ಲಿ ಬೋಳಾಗಿ, ನೋಡಲು ಬೇಜಾರು. ಮನೆಗಳಲ್ಲಿ ಪಾತ್ರೆ ತೊಳೆದ ನೀರನ್ನು ಸರದಿಯಂತೆ ಹಾಕುತ್ತೇವೆ. ಸರದಿ ತಪ್ಪಿಸುವವರು ಯಾರೆಂದು ಗೊತ್ತಿದೆ, ಬರೆಯುವುದಿಲ್ಲ. ವಾರಕ್ಕೆರಡು ಸಲ ಬಗ್ಗಿ ಗಟಾರಿನಿಂದ ಕೀಳುವಾಗ ನಾನು ಗೊಣಗುವುದನ್ನೂ ಬರೆಯುವುದಿಲ್ಲ.

ಆದರೆ ಆ ಹುಲ್ಲಿನ ಮೇಲೆ ಕಾಕು ಇನ್ನು ಬರಿಗಾಲಿಡುವಂತಿಲ್ಲ. ಡಾಕ್ಟರು ಖಡಾಖಂಡಿತ ಹೇಳಿದ್ದಾರೆ. ದಪ್ಪ ಅಡಿಯ ಬೂಟು ಹಾಕಿಕೊಂಡು, ಸವಿತಾಳ ಕೈ ಹಿಡಿದು ಮುಂಜಾನೆ ಬೆಂಚಿನವರೆಗೆ ಬರುತ್ತಾರೆ. ಮದುವೆಯಿಂದ ಬಂದ ಮರುದಿನ ನಾನು ಹೋದಾಗ ಅಲ್ಲಿ ಕೂತಿದ್ದರು.

“ಮಾಸ್ತರ, ಚಪ್ಪಲಿ ಬಿಚ್ಚಿ ಒಂದು ಸುತ್ತು ಹೋಗಿ ಬರ್ರಿ. ಹೆಂಗೈತಿ ಹೇಳ್ರಿ.”

ಬಿಚ್ಚಿದೆ. ನಾಲ್ಕು ಹೆಜ್ಜೆ ಇಟ್ಟು ತಿರುಗಿ, “ತಂಪ ಅದರಿ ಕಾಕು,” ಎಂದೆ.

“ನೋಡಿ ಹೇಳ್ರಿ,” ಎಂದರು. “ಆವತ್ತೂ ನೋಡದನ ಹೇಳಿದ್ರಿ.”

ಮತ್ತೆ ಹೋದೆ. ಈ ಸಲ ಸುತ್ತು ಪೂರಾ ಹಾಕಿದೆ, ಒಂದೊಂದೇ ಹೆಜ್ಜೆ ಊರಿ, ನಿಂತು, ಅಂಗಾಲು ಏನು ಹೇಳುತ್ತದೆಂದು ಕೇಳಿಸಿಕೊಂಡು. ಬಂದು ಅವರ ಪಕ್ಕದಲ್ಲಿ ಕೂತೆ.

“ಗೇಟಿನ ಕಡೆ ಚುಚ್ಚತದರಿ. ನಡುವ ಬೆಚ್ಚಗ ಅದ, ತಂಪ ಇಲ್ಲ. ಆ ಮೂಲ್ಯಾಗ ನಿನ್ನಿ ನೀರು ಬಿದ್ದದ, ಅಲ್ಲಿ ಒಂದಿಷ್ಟ ತಂಪ ಅದ. ಒಂದು ನಾಲ್ಕು ಹೆಜ್ಜಿ ಆಗೂವಷ್ಟ.”

ಕಾಕು ಆ ಮೂಲೆಯ ಕಡೆ ತಿರುಗಿ ನೋಡಿದರು. ಬೂಟಿನೊಳಗೆ ಕಾಲು ಮೆಲ್ಲಗೆ ಅಲುಗಿತು.

“ನಾಳೆ ಲಗೂ ಬರ್ರಿ,” ಎಂದರು. “ಬಿಸಲು ಏರೂದ್ರಾಗ ನೋಡಬೇಕು ಅದನ್ನ.”

ಈಗ ಆರಕ್ಕೆ ಏಳುತ್ತೇನೆ. ಹೆಂಡತಿ ಗೊಣಗುತ್ತಾಳೆ, ನಾನೂ ಗೊಣಗುತ್ತೇನೆ, ಚಪ್ಪಲಿ ಬಿಟ್ಟು ಹೋಗುತ್ತೇನೆ.