ಅಟ್ಟದ ಮೇಲಿನ ಸೋರೆಬುರುಡೆ

ನಮ್ಮ ಅಜ್ಜಿ ಮನೆಯಿಂದ ಹೊರಗೆ ಎಸೆಯುತ್ತಿದ್ದ ವಸ್ತು ಎಂದರೆ ಉಂಡ ಎಲೆ ಒಂದೇ. ಅದನ್ನೂ ಎಸೆಯುತ್ತಿರಲಿಲ್ಲ ಅನ್ನಿ, ಹಸುವಿನ ಮುಂದೆ ಹಾಕುತ್ತಿದ್ದಳು. ಮಿಕ್ಕಿದ್ದೆಲ್ಲ ಅಟ್ಟ ಹತ್ತುತ್ತಿತ್ತು. ಬುಡ ತೂತಾದ ಹಂಡೆ, ನಾಲಿಗೆ ಬಿದ್ದುಹೋದ ಎತ್ತಿನ ಗಂಟೆ, ಬಟ್ಟೆಯಿಲ್ಲದ ಕೊಡೆಯ ಕಡ್ಡಿಗಳು, ಇಲಿ ಕಡಿದ ಮೊರ, ರೇಷ್ಮೆಹುಳು ಸಾಕುವುದನ್ನು ಬಿಟ್ಟ ಮೇಲೆ ಉಳಿದ ಬಿದಿರಿನ ತಟ್ಟೆಗಳು. ಅದು ಯುದ್ಧದ ಕಾಲ. ಸೀಮೆಎಣ್ಣೆಗೂ ಮೊಳೆಗೂ ಜನ ಪರದಾಡುತ್ತಿದ್ದರು. ಊರಿನಲ್ಲಿ ಯಾರಿಗೆ ಏನು ಸಿಗದಿದ್ದರೂ ನಮ್ಮ ಬಾಗಿಲಿಗೆ ಬಂದು, "ಅಮ್ಮಾ, ನಿಮ್ಮ ಅಟ್ಟದ ಮೇಲೆ ಒಂದು ತಂತಿ ತುಂಡು ಏನಾದ್ರೂ ಐತಾ?" ಎಂದು ಕೇಳುತ್ತಿದ್ದರು. ಇರುತ್ತಿತ್ತು. ಆಮೇಲೆ ಅಜ್ಜಿಯನ್ನು ಹಿಡಿಯುವವರು ಯಾರು!

ನಮ್ಮದು ವಕ್ಕಲೇರಿಗೆ ಹತ್ತಿರದ ಊರು. ಅಲ್ಲಿನ ಸ್ಕೂಲಿನಲ್ಲಿದ್ದ ಕ್ಲಾಸುಗಳನ್ನು ನಾನು ಮುಗಿಸಿದ್ದೆ. ಹೆಣ್ಣುಮಗು ಕೋಲಾರಕ್ಕೆ ಹೋಗಿ ಓದುವುದು ಬೇಡ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಹಾಗಾಗಿ ಅಟ್ಟವೇ ನನ್ನ ಸ್ಕೂಲು. ಒಂದೊಂದೇ ವಸ್ತು ಕೆಳಗಿಳಿಸಿ, ಇದು ಏನು, ಯಾತಕ್ಕೆ, ಯಾರು ಮಾಡಿದ್ದು ಎಂದು ಕಂಡುಹಿಡಿಯುವುದೇ ನನ್ನ ಪಾಠ. ಹೇಳಿಕೊಡುವವರು ಯಾರೂ ಇಲ್ಲ. ನಾನೇ ತಿರುಗಿಸಿ, ಅಲ್ಲಾಡಿಸಿ, ಮೂಸಿ, ಯೋಚಿಸಬೇಕು. ಬಹುಪಾಲು ಗೊತ್ತಾಗುತ್ತಿತ್ತು. ಒಂದು ಮಾತ್ರ ಗೊತ್ತಾಗಲೇ ಇಲ್ಲ. ಅಂಗೈ ಅಗಲದ ಮರದ ತುಂಡು, ಎರಡು ತೂತು, ಒಂದು ಕಡೆ ಹಗ್ಗ ಉಜ್ಜಿ ಉಜ್ಜಿ ಬಿದ್ದ ನುಣುಪಾದ ಗೆರೆ. ನೇಗಿಲಿನದಲ್ಲ, ಬಾವಿಯಿಂದ ಎತ್ತು ಕಟ್ಟಿ ನೀರೆತ್ತುವ ಕಪಿಲೆಯದಲ್ಲ, ತೊಟ್ಟಿಲಿನದೂ ಅಲ್ಲ.

"ಅಜ್ಜಿ, ಇದು ಯಾತಕ್ಕೆ?"

"ಇಡೇ ಅಲ್ಲಿ. ಬೇಕಾಗ್ತದೆ."

"ಯಾತಕ್ಕೆ ಬೇಕಾಗ್ತದೆ?"

"ಬೇಕಾದಾಗ ಗೊತ್ತಾಗ್ತದೆ. ಹೋಗು, ಅವರೆಕಾಯಿ ಬಿಡಿಸು."

ಅಮ್ಮನನ್ನು ಕೇಳಿದರೆ, "ನನ್ನ ಕೇಳಬೇಡ ಕಣೇ, ನಾನು ಆ ಏಣಿ ಮುಟ್ಟಿಲ್ಲ" ಎನ್ನುತ್ತಿದ್ದಳು.

ಹೀಗಿರುವಾಗ ನಮ್ಮ ಮನೆಗೆ ಚಿಕ್ಕಮ್ಮ ಬಂದಳು, ಅಪ್ಪನ ತಮ್ಮನ ಹೆಂಡತಿ. ತವರು ಶ್ರೀನಿವಾಸಪುರದ ಆಚೆ, ಗಡಿಗೆ ಹತ್ತಿರದ ಹಳ್ಳಿ. ಮನೆಮಾತು ತೆಲುಗು. ಕನ್ನಡ ಚೆನ್ನಾಗಿ ಬರುತ್ತಿತ್ತು, ಆದರೆ ಸಂತೋಷವಾದರೂ ಹೆದರಿಕೆಯಾದರೂ ಮೊದಲು ಬಾಯಿಗೆ ಬರುತ್ತಿದ್ದದ್ದು ತೆಲುಗೇ. ಬಂದ ಕೆಲವೇ ದಿನಕ್ಕೆ ಅವಳು ಸೆರಗು ಸಿಕ್ಕಿಸಿಕೊಂಡು ಅಟ್ಟ ಹತ್ತಿಬಿಟ್ಟಳು. ನಾನು ಅವಳ ಹಿಂದೆಯೇ.

"ಅಬ್ಬಬ್ಬಬ್ಬ! ಇದೇನೇ, ನಿಮ್ಮನೇಲಿ ಮನುಷ್ಯರು ಕೆಳಗೆ, ಸಾಮಾನು ಮೇಲೆ. ಸಾಮಾನಿಗೇ ಜಾಗ ಜಾಸ್ತಿ!"

ನನ್ನ ಪ್ರಶ್ನೆಗಳಿಗೆ ಗೊತ್ತಿದ್ದರೂ ಗೊತ್ತಿಲ್ಲದಿದ್ದರೂ ಒಂದು ಉತ್ತರ ಕೊಡುತ್ತಿದ್ದವಳು ಅವಳೊಬ್ಬಳೇ. ಎರಡು ತೂತಿನ ಮರದ ತುಂಡನ್ನು ಮೂಗಿನ ಮೇಲಿಟ್ಟುಕೊಂಡು, "ಇದು ನಿಮ್ಮ ತಾತನ ಕನ್ನಡಕ" ಎಂದಳು. ಬುಟ್ಟಿಯೊಂದರಲ್ಲಿ ಕೈಗೆ ಸಿಕ್ಕ ಪುಟ್ಟ ಸೋರೆಬುರುಡೆಯನ್ನು ಗಲಗಲ ಅಲ್ಲಾಡಿಸಿದಳು. ಮುಷ್ಟಿಯಷ್ಟು ದಪ್ಪ, ಹಿಡಿಯಲು ಹದವಾದ ಕತ್ತು, ಜೊಲ್ಲೂ ಕೈಜಿಡ್ಡೂ ಹಿಡಿದು ಕಪ್ಪಾಗಿತ್ತು. ನನ್ನ ತಮ್ಮನಿಗೆ ಹಲ್ಲು ಬರುವಾಗ ಅಜ್ಜಿ ಕೊಟ್ಟ ಗಿಲಕಿ ಅದು. ಸದ್ದು ಕೇಳಿದ್ದೇ ತಡ, ಅಂಗಳದಲ್ಲಿ ಮಣ್ಣಾಡುತ್ತಿದ್ದ ತಮ್ಮ, "ನಂದು! ನಂದು!" ಎಂದು ಏಣಿಯ ಬುಡಕ್ಕೆ ಓಡಿ ಬಂದ. ವರ್ಷದಿಂದ ಅದನ್ನು ಅವನು ಮುಟ್ಟಿರಲಿಲ್ಲ. ಚಿಕ್ಕಮ್ಮ ನಗುತ್ತಾ, "ಅಜ್ಜಿಯ ಮೊಮ್ಮಗ ಅಂತ ಯಾರೂ ಹೇಳೋದೇ ಬೇಡ" ಎಂದು ಅದನ್ನು ಬುಟ್ಟಿಗೆ ಹಾಕಿದಳು.

ಸಂಕ್ರಾಂತಿ ಬಂತು. ನಮ್ಮಲ್ಲಿ ಹಬ್ಬದ ಸಂಜೆ ಎತ್ತುಗಳಿಗೆ ಕಿಚ್ಚು ಹಾಯಿಸುವುದುಂಟು. ಹಿಂದಿನ ದಿನ ಭೋಗಿಗೆ ಎಣ್ಣೆನೀರು ಬಿಟ್ಟರೆ ಮತ್ತೇನಿಲ್ಲ. ಚಿಕ್ಕಮ್ಮನ ತವರಿನಲ್ಲಿ ಹಾಗಲ್ಲ. ಅಲ್ಲಿ ಭೋಗಿಯ ಬೆಳಗಿನ ಜಾವ ಮನೆ ಮುಂದೆ ಬೆಂಕಿ ಹಾಕಿ, ಮುರುಕು ಚಾಪೆ, ಸವೆದ ಪೊರಕೆ, ಬೇಡದ್ದನ್ನೆಲ್ಲ ಸುಡುತ್ತಾರೆ. ಮಕ್ಕಳು ವಾರಗಟ್ಟಲೆ ಮುಂಚೆಯೇ ಸಣ್ಣಸಣ್ಣ ಬೆರಣಿ ತಟ್ಟಿ, ಒಣಗಿಸಿ, ಹಾರ ಮಾಡಿ ಆ ಬೆಂಕಿಗೆ ಹಾಕುತ್ತಾರೆ. ಇದನ್ನು ಅವಳು ನನಗೆ ಕೈಬಾಯಿ ತಿರುಗಿಸುತ್ತಾ ಹೇಳಿದಳು. ಆಮೇಲೆ ಅಜ್ಜಿಯ ಮುಂದೆ ನಿಂತು, "ಅತ್ತಮ್ಮಾ, ಇಲ್ಲೂ ಒಂದು ಸಲ ಹಾಕೋಣ?" ಎಂದು ಕೇಳಿದಳು.

ಅಜ್ಜಿ ಬಹಳ ಹೊತ್ತು ಯೋಚಿಸಿ ಇಲಿ ಕಡಿದ ಆ ಮೊರವನ್ನೂ ಒಂದು ಪೊರಕೆಯನ್ನೂ ತಂದುಕೊಟ್ಟಳು. ಅವಳ ಮಟ್ಟಿಗೆ ಅದೇ ದೊಡ್ಡ ದಾನ.

ಭೋಗಿಯ ದಿನ ಕತ್ತಲಿರುವಾಗಲೇ ಎದ್ದು ಬೆಂಕಿ ಹಾಕಿದೆವು. ಮೊರ ಚಟಚಟನೆ ಉರಿದು ಕ್ಷಣದಲ್ಲಿ ಮುಗಿಯಿತು. ಚಿಕ್ಕಮ್ಮನಿಗೆ ಸಾಲಲಿಲ್ಲ. ಸೌದೆ ತರಲು ಹಿತ್ತಿಲಿಗೆ ಹೋದವಳು ಮಡಿಲು ತುಂಬ ಏನೋ ತುಂಬಿಕೊಂಡು ಕುಣಿಯುತ್ತಾ ಬಂದಳು. "ನೋಡೇ! ನಿಮ್ಮಜ್ಜಿ ನಂಗೆ ಹೇಳ್ದೇನೇ ಮಾಡಿಟ್ಟವ್ರೆ!" ಅಂಗೈಯಗಲದ, ತೆಳ್ಳನೆಯ, ಅಚ್ಚುಕಟ್ಟಾದ ಬೆರಣಿಗಳು. ಒಲೆಯ ಬೆರಣಿಯಂತೆ ದಪ್ಪವಿರಲಿಲ್ಲ. ಅವಳ ತವರಿನ ಮಕ್ಕಳು ತಟ್ಟುವಂಥವೇ. ಹಿತ್ತಿಲ ಸೂರಿನ ಕೆಳಗೆ, ಗೋಡೆಗೆ ಸಾಲಾಗಿ ಬಡಿದಿಟ್ಟಿದ್ದರಂತೆ. ಎಲ್ಲವನ್ನೂ ಎಬ್ಬಿಸಿ ತಂದಿದ್ದಳು. ಒಂದೊಂದನ್ನೂ ಕಣ್ಣಿಗೊತ್ತಿಕೊಂಡು ಬೆಂಕಿಗೆ ಹಾಕಿದಳು.

ಸ್ವಲ್ಪ ಹೊತ್ತಿಗೆ ಬೆರಣಿಗಳು ಪಟ್ ಪಟ್ ಎಂದು ಸಿಡಿಯತೊಡಗಿದವು. ನನಗೆ ಆಶ್ಚರ್ಯ. ಒಲೆಯಲ್ಲಿ ಎಷ್ಟೋ ಬೆರಣಿ ಉರಿಯುವುದನ್ನು ನೋಡಿದ್ದೆ. ಬೆರಣಿ ಸುಮ್ಮನೆ ಹೊಗೆಯಾಡುತ್ತದೆ, ಸದ್ದು ಮಾಡುವುದಿಲ್ಲ. ಒಳಗೆ ಓಡಿದೆ.

"ಅಜ್ಜಿ, ಬೆರಣಿ ಯಾಕೆ ಒಗ್ಗರಣೆ ತರ ಸಿಡೀತದೆ?"

ಅಜ್ಜಿ ಹಂಡೆಗೆ ನೀರು ಹೊಯ್ಯುತ್ತಿದ್ದಳು. "ಯಾವ ಬೆರಣಿ?"

"ಹಿತ್ಲು ಗೋಡೇದು."

ಚೊಂಬನ್ನು ಅಲ್ಲೇ ಬಿಟ್ಟು ಹೊರಗೆ ಬಂದಳು. ಬೆಂಕಿಯ ಮುಂದೆ ನಿಂತಳು. ಆಗ ಒಂದು ಬೆರಣಿ ಎರಡಾಗಿ ಬಿರಿಯಿತು. ಒಳಗೆ ಬೀಜದ ಸಾಲು ಕೆಂಪಗೆ ಕಾದು ಹೊಳೆಯುತ್ತಿತ್ತು.

ಬೀಜಕ್ಕೆ ಹುಳ ಹೊಡೆಯದಿರಲಿ ಎಂದು ಸಗಣಿಯಲ್ಲಿ ಹುದುಗಿಸಿ ಗೋಡೆಗೆ ಬಡಿಯುವುದು ನಮ್ಮ ಕಡೆ ವಾಡಿಕೆ; ನನಗದು ಗೊತ್ತಾದದ್ದು ಆಗಲೇ. ಆ ಗೋಡೆಯ ಮೇಲಿದ್ದದ್ದು ಅಜ್ಜಿಯ ಸೋರೆಬೀಜ. ಸಾರಿಗೆ ಹಾಕುವ ಸೋರೆಯಲ್ಲ. ಇದು ಕಹಿ, ಬಾಯಿಗಿಡಲಾಗದು. ಆದರೆ ಬಲಿತು ಒಣಗಿದರೆ ಬುರುಡೆ ಮರದಷ್ಟು ಗಟ್ಟಿ. ನಮ್ಮ ಮನೆಯ ಉಪ್ಪು, ಹುಣಸೆಹಣ್ಣು, ಹೊಲಕ್ಕೆ ಒಯ್ಯುವ ನೀರು, ಎಲ್ಲವೂ ಆ ಬುರುಡೆಗಳಲ್ಲೇ. ದೇವರಾಯಸಮುದ್ರದ ಕೆರೆಯ ಕೆಳಗಿನ ತನ್ನ ತವರಿನಿಂದ ಮದುವೆಯಾಗಿ ಬರುವಾಗ ಅಜ್ಜಿ ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಬಂದ ಬೀಜ. ತಿನ್ನಲಾಗದ್ದನ್ನು ಯಾರು ಬೆಳೆಯುತ್ತಾರೆ? ಊರಿನಲ್ಲಿ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಆ ವರ್ಷದ ಬುರುಡೆಗಳನ್ನೆಲ್ಲ ಕೊಯ್ದು, ಒಳಗನ್ನು ಕೆರೆದು, ಇದ್ದಷ್ಟೂ ಬೀಜವನ್ನು ಆ ಗೋಡೆಗೇ ಬಡಿದಿದ್ದಳು.

"ನಾಕು ತೆಲೀದತ್ತಮ್ಮಾ, ನಾಕು ತೆಲೀದು. ನಂಗೆ ಗೊತ್ತಿರ್ಲಿಲ್ಲ" ಎಂದು ಚಿಕ್ಕಮ್ಮ ಬರಿಗೈಯನ್ನೇ ಬೆಂಕಿಗೆ ಚಾಚಿದಳು. ಅಜ್ಜಿ ಅವಳ ರಟ್ಟೆ ಹಿಡಿದು ಹಿಂದಕ್ಕೆಳೆದಳು.

"ಕೈ ಸುಟ್ಕೋಬೇಡ. ಹೋಗ್ಲಿ ಬಿಡು."

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಯಾಕೆಂದರೆ ಅಂದಿನಿಂದ ಚಿಕ್ಕಮ್ಮ ಮನೆಯಲ್ಲಿ ಕೇಳದೆ ಏನನ್ನೂ ಮುಟ್ಟಲಿಲ್ಲ. "ಅತ್ತಮ್ಮಾ, ಈ ಸೌಟು ತಗೊಳ್ಳಲಾ?" "ಅಕ್ಕಾ, ಈ ಚಿಪ್ಪು ಎಸೆಯಬಹುದಾ?" ನೆಂಟರ ಮನೆಗೆ ಬಂದವರು ಇರುವ ಹಾಗೆ ಇರತೊಡಗಿದಳು. ಅಟ್ಟಕ್ಕಂತೂ ಬರಲೇ ಇಲ್ಲ. ನಾನು ಕರೆದರೆ, "ನೀನು ಹೋಗಮ್ಮ" ಎನ್ನುತ್ತಿದ್ದಳು. ಅದು ಸಾಲದು ಎಂದು ಪಕ್ಕದ ಮನೆಯಾಕೆ ಬಾವಿಯ ಹತ್ತಿರ, "ಏನಮ್ಮ, ಇವತ್ತು ಏನು ಸುಟ್ಟೆ?" ಎಂದು ನಕ್ಕಳು. ಚಿಕ್ಕಮ್ಮ ಅರ್ಧ ಕೊಡ ನೀರನ್ನೇ ಹೊತ್ತುಕೊಂಡು ವಾಪಸ್ಸು ಬಂದಳು.

ಚಿಕ್ಕಪ್ಪ ಒಂದು ದಿನ ದೇವರಾಯಸಮುದ್ರಕ್ಕೆ ಹೋಗಿ ಬಂದ. ಟವೆಲ್ಲಿನ ತುದಿ ಬಿಚ್ಚಿ ಒಂದು ಹಿಡಿ ಸೋರೆಬೀಜ ಅಜ್ಜಿಯ ಮುಂದೆ ಸುರಿದ. ಅಜ್ಜಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು.

"ಇದು ಸಾರಿನ ಸೋರೆ ಕಣೋ. ನಮ್ದು ಇದಕ್ಕಿಂತ ಅಗಲ, ತುದೀಲಿ ಎರಡು ಕೊಂಬು."

"ಅಲ್ಲೂ ಯಾರೂ ಹಾಕಲ್ವಂತಮ್ಮ. ಈಗ ಎಲ್ರಿಗೂ ಡಬ್ಬ ಐತೆ."

ಬಾಗಿಲ ಹಿಂದೆ ಚಿಕ್ಕಮ್ಮ ನಿಂತಿದ್ದಳು. ಅವಳ ಮುಖ ನೋಡಿ ನನಗೆ ಒಂದು ಮಾತು ಖಚಿತವಾಯಿತು. ಮುಂಗಾರು ಬೀಳುವುದರೊಳಗೆ ಆ ಬೀಜ ಸಿಗದಿದ್ದರೆ ಇವಳು ಈ ಮನೆಯಲ್ಲಿ ನೆಂಟರಂತೆಯೇ ಉಳಿಯುತ್ತಾಳೆ. ನನ್ನ ಜೊತೆ ಅಟ್ಟ ಹತ್ತುವವರು ಇನ್ನು ಯಾರೂ ಇರುವುದಿಲ್ಲ.

ಆವರೆಗೆ ನಾನು ಅಟ್ಟದಲ್ಲಿ ಹುಡುಕುತ್ತಿದ್ದದ್ದು ಕುತೂಹಲಕ್ಕೆ. ಈಗ ಹುಡುಕಲು ಒಂದು ಕಾರಣವಿತ್ತು. ಹಳೆಯ ಬುರುಡೆಗಳನ್ನೆಲ್ಲ ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಕಡ್ಡಿಗೆ ಬಟ್ಟೆ ಸುತ್ತಿ ಒಳಗೆ ಕೆದಕಿದೆ. ಹಳೇ ಉಪ್ಪಿನ ಹರಳು ಬಂತು, ಸತ್ತ ಜಿರಲೆ ಬಂತು. ಬೀಜ ಬರಲಿಲ್ಲ. ಅಜ್ಜಿಯ ಕೆರೆತ ಎಂದರೆ ಕೆರೆತ. ಬೇಸರದಿಂದ ಬುಟ್ಟಿಯನ್ನು ಆಚೆ ತಳ್ಳಿದೆ. ಅದರೊಳಗೆ ಏನೋ ಗಲಗಲ ಎಂದಿತು.

ತಮ್ಮನ ಗಿಲಕಿ. ಅದರಲ್ಲಿ ಕಲ್ಲು ತುಂಬಿದ್ದಾರೆಂದೇ ನಾನು ಅಷ್ಟು ದಿನ ತಿಳಿದಿದ್ದೆ. ತಿರುಗಿಸಿ ತಿರುಗಿಸಿ ನೋಡಿದೆ. ಕಲ್ಲು ತುಂಬಲು ಒಂದು ತೂತಾದರೂ ಬೇಕಲ್ಲ? ಎಲ್ಲೂ ತೂತಿರಲಿಲ್ಲ. ತೊಟ್ಟು ಕೂಡ ಹಾಗೇ ಇತ್ತು. ಏಣಿಯಿಂದ ಹೇಗೆ ಇಳಿದೆನೋ ಗೊತ್ತಿಲ್ಲ.

"ಅಜ್ಜಿ, ಇದರೊಳಗೆ ಏನು ಹಾಕಿದ್ದೀಯ?"

ಅಜ್ಜಿ ರಾಗಿ ಕೇರುತ್ತಿದ್ದಳು. ತಲೆಯನ್ನೂ ಎತ್ತಲಿಲ್ಲ. "ನಾನೇನು ಹಾಕ್ಲಿ? ಬಳ್ಳೀಲಿ ಕೊನೇಗೆ ಬಿಟ್ಟ ಪೀಚು ಅದು. ಹಾಗೇ ಒಣಗಿತ್ತು, ಮಗೂಗೆ ಕೊಟ್ಟೆ. ಒಳಗೆ ಅದರದೇ ಬೀ..."

ಮೊರ ನಿಂತಿತು.

ಮುಂದಿನದು ಸುಲಭವಾಗಿರಲಿಲ್ಲ. ಸದ್ದು ಕೇಳಿ ಓಡಿ ಬಂದ ತಮ್ಮ ನನ್ನ ಕೈಯಿಂದ ಗಿಲಕಿ ಕಿತ್ತು, ಎದೆಗವುಚಿಕೊಂಡು ತೊಟ್ಟಿಲ ಕೆಳಗೆ ನುಸುಳಿಬಿಟ್ಟ. ಅಮ್ಮ ಬೆಲ್ಲ ತೋರಿಸಿದಳು. ಬೆಲ್ಲವನ್ನೂ ತೆಗೆದುಕೊಂಡ, ಗಿಲಕಿಯನ್ನೂ ಬಿಡಲಿಲ್ಲ. ಕಡೆಗೆ ನಾನು ನಾಲಿಗೆಯಿಲ್ಲದ ಎತ್ತಿನ ಗಂಟೆಗೆ ಒಂದು ಹುಣಸೆಬೀಜ ಕಟ್ಟಿ ಅಲ್ಲಾಡಿಸಿ ತೋರಿಸಿದಾಗ ಅದಲುಬದಲು ಆಯಿತು. ಆ ಗಂಟೆ ಬೇಕಾಗುತ್ತದೆ ಎಂದು ಅಜ್ಜಿ ಇಟ್ಟುಕೊಂಡದ್ದು ಅದಕ್ಕೇ ಏನೋ!

ಅಜ್ಜಿ ಕುಡುಗೋಲನ್ನು ಚಿಕ್ಕಮ್ಮನ ಕಡೆ ಚಾಚಿದಳು. "ಕತ್ತಿನ ಹತ್ರ ಮೆಲ್ಲಗೆ ಕುಯ್ಯಿ."

"ನಾನಾ? ಬೇಡತ್ತಮ್ಮ. ಇನ್ನೊಂದ್ಸಲ ನನ್ನ ಕೈಲಿ ಬೇಡ."

"ನನ್ನ ಕಣ್ಣು ಮಂಜು. ನಾನು ಕುಯ್ದರೆ ಬೀಜಕ್ಕೇ ತಾಕ್ತದೆ. ಹಿಡ್ಕೋ ಅಂದ್ರೆ."

ಚಿಕ್ಕಮ್ಮ ಕುಡುಗೋಲು ತೆಗೆದುಕೊಂಡು ಕತ್ತಿನ ಸುತ್ತ ಮೆಲ್ಲಗೆ ಕುಯ್ದಳು. ಬುರುಡೆ ಬಾಯಿಬಿಟ್ಟಾಗ ಒಣ ನಾರಿನ ನಡುವೆ ಬೀಜಗಳು ಕಂಡವು. ಅಗಲ, ತುದಿಯಲ್ಲಿ ಎರಡು ಕೊಂಬು. ಅಜ್ಜಿ ಒಂದೊಂದನ್ನೂ ಉಗುರಿನಲ್ಲಿ ಒತ್ತಿ ನೋಡಿದಳು. ಬಹಳಷ್ಟು ಜೊಳ್ಳು. ಗಟ್ಟಿಯಾಗಿ ಉಳಿದದ್ದು ಮಗುವಿನ ಅಂಗೈಯೂ ತುಂಬದಷ್ಟು.

"ಪೀಚಿನ ಬೀಜ. ಹುಟ್ಟಿದ್ರೆ ಹುಟ್ಟೀತು" ಎಂದು ಒದ್ದೆ ಬಟ್ಟೆಯಲ್ಲಿ ಸುತ್ತಿ, ಗಡಿಗೆಯೊಂದರಲ್ಲಿಟ್ಟು, ಒಲೆಯ ಪಕ್ಕದ ಬೆಚ್ಚನೆಯ ಬೂದಿಯಲ್ಲಿ ಹೂತಳು. "ಯಾರೂ ಮುಟ್ಟಬೇಡಿ."

ದಿನಗಳು ಹೋದವು. ನಾನು ಗಡಿಗೆಯ ಸುತ್ತ ಸುತ್ತುತ್ತಿದ್ದೆ, ಮುಟ್ಟಲು ಧೈರ್ಯವಿರಲಿಲ್ಲ. ಒಂದು ಬೆಳಗ್ಗೆ ಅಡುಗೆಮನೆಗೆ ಹೋದರೆ ಚಿಕ್ಕಮ್ಮ ಕುಕ್ಕರುಗಾಲಲ್ಲಿ ಕೂತು, ಯಾರನ್ನೂ ಕೇಳದೆ, ಗಡಿಗೆಯ ಬಟ್ಟೆ ಬಿಚ್ಚುತ್ತಿದ್ದಳು. ನನ್ನನ್ನು ನೋಡಿ ಬೆಚ್ಚಿದಳು. ಆಮೇಲೆ ಸನ್ನೆ ಮಾಡಿ ಹತ್ತಿರ ಕರೆದಳು. ಎರಡು ಬೀಜಗಳ ತುದಿ ಬಿರಿದು ಬಿಳಿಯ ಮೊಳಕೆ ಇಣುಕಿತ್ತು.

"ಅತ್ತಮ್ಮಾ!" ಎಂದು ಅವಳು ಕೂಗಿದ ಕೂಗಿಗೆ ಕೊಟ್ಟಿಗೆಯ ಎಮ್ಮೆ ಎದ್ದು ನಿಂತಿತು. ಅಜ್ಜಿ ಬಂದು ನೋಡಿ, "ಮುಟ್ಟಬೇಡಿ ಅಂದಿದ್ನಲ್ಲ" ಎಂದು ಮೊದಲ ಸಲ ಚಿಕ್ಕಮ್ಮನನ್ನು ಚೆನ್ನಾಗಿ ಬೈದಳು. ಚಿಕ್ಕಮ್ಮ ಬೈಸಿಕೊಳ್ಳುತ್ತಾ ನಗುತ್ತಿದ್ದಳು.

ಹಿತ್ತಿಲಲ್ಲಿ ಆ ಎರಡನ್ನೂ ನೆಟ್ಟವಳು ಚಿಕ್ಕಮ್ಮನೇ. ಒಂದು ಸೊರಗಿತು. ಇನ್ನೊಂದು ಚಪ್ಪರ ಹತ್ತಿ ಸೂರು ಹತ್ತಿ ಪಕ್ಕದ ಮನೆಯಾಕೆಯ ಗೋಡೆಗೂ ಹಬ್ಬಿತು. ಆಕೆ ಬುರುಡೆಯೊಂದನ್ನು ಕೇಳಿಕೊಂಡು ಬಂದಾಗ ಅಜ್ಜಿ ಬೀಜವನ್ನೂ ಕೊಟ್ಟಳು. "ನಮ್ಮನೇಲಿ ಸುಟ್ಟೋದ್ರೆ ನಿನ್ನ ಹತ್ರ ಇರ್ಲಿ."

ಮುಂದಿನ ಭೋಗಿಗೆ ಮತ್ತೆ ಬೆಂಕಿ ಹಾಕಿದೆವು. ಈ ಸಲ ಬಹಳ ತಡವಾಯಿತು. ಚಿಕ್ಕಮ್ಮ ತಾನೇ ತಟ್ಟಿದ ಬೆರಣಿಗಳನ್ನೂ ಒಂದೊಂದಾಗಿ ಎರಡು ತುಂಡು ಮಾಡಿ, ಒಳಗೆ ಇಣುಕಿ ನೋಡಿಯೇ ಬೆಂಕಿಗೆ ಹಾಕುತ್ತಿದ್ದಳು.

"ಬೆಳಕು ಹರೀತು ಕಣಮ್ಮಿ, ಹಾಕು!" ಎಂದು ಅಜ್ಜಿ ಕಂಬಳಿ ಹೊದ್ದುಕೊಂಡು ಬಾಗಿಲಿನಿಂದ ಕೂಗಿದಳು. ಆಮೇಲೆ ತಾನೇ ಬಂದು ಕಂಬಳಿಯೊಳಗಿಂದ ಏನನ್ನೋ ತೆಗೆದಳು. "ತಗೋ, ಇದನ್ನೂ ಹಾಕು." ಎರಡು ತೂತಿನ ಮರದ ತುಂಡು.

ನಾನು ಅವಳ ಕೈ ಹಿಡಿದುಕೊಂಡೆ. "ಅಜ್ಜಿ, ಬೇಡ! ಇದು ಯಾತಕ್ಕೆ ಅಂತ ನೀನಿನ್ನೂ ಹೇಳಿಲ್ಲ."

"ನಂಗೆ ಗೊತ್ತಿದ್ರೆ ತಾನೇ ಹೇಳೋದು?" ಎಂದಳು ಅಜ್ಜಿ. "ನಾನು ಈ ಮನೆಗೆ ಬಂದಾಗ್ಲೇ ಅಟ್ಟದ ಮೇಲಿತ್ತು. ಎಸೆಯೋಕೂ ಹೆದರಿಕೆ, ನಮ್ಮತ್ತೇನ ಕೇಳೋಕೂ ಹೆದರಿಕೆ."

ಚಿಕ್ಕಮ್ಮ ಅಜ್ಜಿಯ ಮುಖವನ್ನೇ ನೋಡಿದಳು. ಆಮೇಲೆ ಆ ತುಂಡನ್ನು ಅವಳ ಕೈಯಿಂದ ತೆಗೆದುಕೊಂಡು ನನ್ನ ಮಡಿಲಿಗೆ ಹಾಕಿದಳು.