ಮಾರಿಹೋದ ಮೇಲೂ ಮನೆಯಲ್ಲೇ ಇದ್ದ ಪರದೆ

ಗೋಡೆಗೆ ತೂಗುಹಾಕಲೆಂದು ನಾನು ಹೆಣೆದ ಕ್ರೋಶಾ ಪರದೆ ಮಾರಾಟವಾಯಿತು ಅಂತ ಖಬರು ಬಂದ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ, ಅದನ್ನು ಸುತ್ತಿ ಕಳಿಸಲು ಒಂದು ಹಳೆಯ ಸೀರೆ ಹರಿದದ್ದು. ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿದವಳು ನಾನು. ಮಾರಿದ ಬಟ್ಟೆಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಅನ್ನುವುದು ನಮ್ಮ ಮನೆಯ ಪದ್ಧತಿ. ಅವ್ವ ತೀರಿದ ಮೇಲೆ, ಅವಳ ಮಗ್ಗಕ್ಕೆ ತಂದಿಟ್ಟು ಉಳಿದಿದ್ದ ನೂಲಿನಲ್ಲಿ ಒಂದು ವರ್ಷ ಕೂತು ಅದನ್ನು ಹೆಣೆದಿದ್ದೆ. ಮಾತಾಡಲು ಮನೆಯಲ್ಲಿ ಯಾರೂ ಇರಲಿಲ್ಲ, ಕೈಗೆ ಏನಾದರೂ ಕೆಲಸ ಬೇಕಿತ್ತು.

ಫೋಟೊ ತೆಗೆದು ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟವಳು ಗದಗಿನಲ್ಲಿ ಚಿತ್ರಕಲೆ ಕಲಿಸುವ ನನ್ನ ಗೆಳತಿ. ಕೊಂಡವರ ವಿಳಾಸ ಕೇಳಿದರೆ ಫೋನಿನಲ್ಲೇ ನಕ್ಕಳು.

"ಏನೂ ಕಳಸೂದಿಲ್ಲ, ಹುಚ್ಚಿ. ಅವರು ತಗೊಂಡಿದ್ದು ಫೋಟೊದ ಡಿಜಿಟಲ್ ಟೋಕನ್. ಇನ್ಮ್ಯಾಲೆ ಆ ಚಿತ್ರದ ಮಾಲಕರು ಅವರ. ಪರದಿ ನಿನ್ನ ಕಡೇನ ಇರ್ಲಿ."

ಇರಲಿ ಅಂದರೆ ಎಲ್ಲಿರಲಿ? ಯಾರದೋ ಮನೆಯ ಗೋಡೆಯ ಮೇಲೆ ಅದು ತೂಗುತ್ತದೆ, ಹೋಗಿ ಬರುವವರು ಒಮ್ಮೆಯಾದರೂ ಮುಟ್ಟಿ ನೋಡುತ್ತಾರೆ ಅಂದುಕೊಂಡಿದ್ದೆ. ನನಗೆ ಬೇಕಾಗಿದ್ದು ಅದೊಂದೇ. ಪರದೆಯನ್ನು ಪುಕ್ಕಟೆ ಕಳಿಸುತ್ತೇನೆಂದು ಗೆಳತಿಯಿಂದ ಕೊಂಡವರಿಗೆ ಬರೆಸಿದೆ. ಉತ್ತರವಾಗಿ ಎತ್ತಿದ ಹೆಬ್ಬೆರಳಿನ ಚಿತ್ರ ಬಂತು, ವಿಳಾಸ ಬರಲಿಲ್ಲ. ಮೊದಲು ಸಿಟ್ಟು ಬಂತು, ಆಮೇಲೆ ಭಿಕ್ಷೆ ಬೇಡಿದಷ್ಟು ನಾಚಿಕೆಯಾಯಿತು. ಮಾರಿದ್ದನ್ನು ನನ್ನ ಗೋಡೆಗೆ ಹಾಕಲು ಮನಸ್ಸು ಒಪ್ಪಲಿಲ್ಲ. ಗಂಟು ಕಟ್ಟಿ ಟ್ರಂಕಿನ ಮೇಲೆ ಇಟ್ಟೆ. ಮೂರು ತಿಂಗಳು ಊಟಕ್ಕೆ ಕೂತಾಗಲೆಲ್ಲ ಅದರ ಮುಖವನ್ನೇ ನೋಡಿದೆ.

ಕೊನೆಗೆ ಗಂಟನ್ನು ಹೊತ್ತುಕೊಂಡು ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಅಲ್ಲಿ ನನ್ನ ದೊಡ್ಡಪ್ಪನ ಮಗಳಿದ್ದಾಳೆ, ಅವ್ವನ ಹತ್ತಿರವೇ ನೇಯ್ಗೆ ಕಲಿತವಳು. ಪರದೆ ಚಂದ ಐತಿ ಅಂತಲೂ ಅಕ್ಕ ಅನ್ನಲಿಲ್ಲ. ನೇಕಾರರು ಬಟ್ಟೆ ನೋಡುವ ಹಾಗೆ ಅದನ್ನು ಮಗುಚಿ ಹಾಕಿ, ಕಣ್ಣು ಎತ್ತಲೋ ಇಟ್ಟು, ಹಿಂಬದಿಯಲ್ಲಿ ಸಾಲುಸಾಲಾಗಿ ಬೆರಳಾಡಿಸಿದಳು. ನಡುವೆ ಒಂದು ಕಡೆ ಬೆರಳು ನಿಂತಿತು.

"ಇಲ್ಲಿ ನೂಲು ಭಾಳ ಬಿಗಿ ಹಿಡದೀಯಲ್ಲ. ಈ ನಾಕು ಸಾಲು ಹಾಕುಮುಂದ ಅಳಾಕತ್ತಿದ್ದೇನ, ತಂಗಿ?"

ಇಲ್ಲ ಅನ್ನಬೇಕೆಂದು ಬಾಯಿ ತೆರೆದೆ. ಅವ್ವ ತೀರಿದ ಮೇಲೆ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ.

"ಹೂಂ" ಅಂದೆ.